ತೂಕ ಮತ್ತು ತಪ್ಪು

ನಮ್ಮ ಭಾಷೆಯಲ್ಲಿ ತೂಕ ಎಂಬ ಶಬ್ದಕ್ಕೆ ಮರ್ಯಾದೆಯಿದೆ. ತೂಕದ ಮಾತು, ತೂಕದ ಮನುಷ್ಯ ಎಂದರೆ ಹೊಗಳಿಕೆ. ಮೈಯ ವಿಚಾರದಲ್ಲೂ ಹಿಂದಿನವರು ಉದಾರಿಗಳೇ ಆಗಿದ್ದರು. 'ಮೈ ತುಂಬಿಕೊಂಡಿದ್ದಾಳೆ' ಎಂದರೆ ಸುಖವಾಗಿದ್ದಾಳೆ ಎಂದು ಅರ್ಥ; ತೆಳ್ಳಗಾದವರನ್ನು ಕಂಡರೆ 'ಸೊರಗಿದ್ದೀಯಲ್ಲ' ಎಂದು ಮರುಗುತ್ತಿದ್ದರು. ನೆರೆಯ ಮಲೆಯಾಳದಲ್ಲೂ ಅಂಥವರನ್ನು 'ಕ್ಷೀಣಿಚ್ಚು ಪೋಯಲ್ಲೋ' ಎಂದೇ ಮಾತನಾಡಿಸುವುದು. ಅನ್ನಕ್ಕೆ ಕಷ್ಟವಿದ್ದ ದಿನಗಳ ನೆನಪು ಎರಡು ಭಾಷೆಗಳಲ್ಲೂ ಹೀಗೆ ಉಳಿದುಕೊಂಡಿದೆ. ಈಗ ಕಾಲ ತಿರುಗಿದೆ. ತೂಕ ಇಳಿದರೆ ಪುಣ್ಯ, ಏರಿದರೆ ಪಾಪ ಎನ್ನುವಂತಾಗಿದೆ. ಇದು ನ್ಯಾಯವೇ ಎಂಬ ಪ್ರಶ್ನೆ ನನ್ನನ್ನು ಕಾಡಿದ್ದು ಪಣಜಿಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ.

ಮದುವೆಯಾಗಿ ಆಕೆ ಕಾಸರಗೋಡು ಬಿಟ್ಟು ಇಪ್ಪತ್ತು ವರ್ಷ ಕಳೆಯಿತು. ಎರಡು ಹೆರಿಗೆ, ಕುಳಿತು ಮಾಡುವ ಉದ್ಯೋಗ, ಸಕ್ಕರೆ ಕಾಯಿಲೆ, ಮೊಣಕಾಲು ನೋವು. ತೂಕ 118 ಕಿಲೋ. ಪಥ್ಯ, ನಡಿಗೆ, ಔಷಧ ಎಲ್ಲವನ್ನೂ ಮಾಡಿ ಸೋತ ಮೇಲೆ ನಾಲ್ಕು ವರ್ಷಗಳ ಹಿಂದೆ ಶಸ್ತ್ರಕ್ರಿಯೆಗೆ ಒಪ್ಪಿದಳು. ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಉಳಿದುದನ್ನು ಬಾಳೆಹಣ್ಣಿನಂಥ ಸಣ್ಣ ಕೊಳವೆಯಾಗಿಸುವ ಕ್ರಮ ಅದು. ಮೊದಲ ವಾರಗಳಲ್ಲಿ ತೂಕ ಸರಸರನೆ ಇಳಿಯಿತು. ನಾಲ್ಕನೆಯ ವಾರ ತಟ್ಟನೆ ನಿಂತಿತು. "ಗುಟುಕು ಗುಟುಕು ನೀರು ಕುಡಿದು ಬದುಕುತ್ತಿದ್ದೇನೆ, ಆದರೂ ನೂರು ಗ್ರಾಂ ಇಳಿಯುತ್ತಿಲ್ಲ ಅಣ್ಣಾ" ಎಂದು ಫೋನಿನಲ್ಲಿ ಅತ್ತಳು. ಬಹುಮಂದಿಗೆ ಹೀಗಾಗುತ್ತದೆ ಎಂದು ವೈದ್ಯರು ಸಮಾಧಾನ ಹೇಳಿದರು. ಮತ್ತೆ ಇಳಿಯಿತು. ಹದಿನೈದು ತಿಂಗಳಲ್ಲಿ 78 ಕಿಲೋ. ನೆಂಟರಿಷ್ಟರೆಲ್ಲ ಕೊಂಡಾಡಿದರು. ಆಮೇಲೆ ಬಹುಕಾಲ ಅಲ್ಲೇ ನಿಂತು, ನಿಧಾನವಾಗಿ 85ಕ್ಕೆ ಏರಿತು.

ಇನ್ನು ನನ್ನ ತಪ್ಪನ್ನು ಹೇಳಬೇಕು. ಕಳೆದ ವರ್ಷ ಊರಿನಲ್ಲೊಂದು ಮದುವೆ. ಪಂಕ್ತಿಯಲ್ಲಿ ಹೋಳಿಗೆ ಬರುವಾಗ ನಾನು, "ಜಾಗ್ರತೆ, ಪುನಃ ಮೊದಲಿನ ಹಾಗೆ ಆದೀಯೆ" ಎಂದೆ. ಸುತ್ತಲಿನವರು ನಕ್ಕರು. ಆಕೆಯೂ ನಕ್ಕಳು, ಎಲೆ ಮಡಚಿ ಎದ್ದಳು. ಅಂದಿನಿಂದ ಊರಿನ ಯಾವ ಸಮಾರಂಭಕ್ಕೂ ಬರಲಿಲ್ಲ.

ಈ ವರ್ಷ ಕೊಂಕಣ ರೈಲಿನಲ್ಲಿ ಕರ್ಮಲಿಗೆ ಹೋಗಿ ಇಳಿದೆ. ದಾರಿಯಲ್ಲೇ ಬಾವ ವಿಷಯ ತಿಳಿಸಿದರು. ತಂಗಿಗೆ ತಲೆಸುತ್ತು, ಕೂದಲು ಉದುರುವುದು, ಕೈಕಾಲು ಜೋಮು. ರಕ್ತ ಪರೀಕ್ಷೆಯಲ್ಲಿ ಕಬ್ಬಿಣದ ಅಂಶವೂ ಬಿ-12 ಜೀವಸತ್ವವೂ ತೀರ ಕಡಿಮೆ. ಈ ಶಸ್ತ್ರಕ್ರಿಯೆ ಆದವರು ಜೀವನಪರ್ಯಂತ ಜೀವಸತ್ವದ ಮಾತ್ರೆಗಳನ್ನು ತೆಗೆದುಕೊಳ್ಳಬೇಕು, ಕಾಲಕಾಲಕ್ಕೆ ರಕ್ತ ಪರೀಕ್ಷೆ ಮಾಡಿಸಬೇಕು. ಆಕೆ ಒಂದು ವರ್ಷದಿಂದ ಎರಡನ್ನೂ ಬಿಟ್ಟಿದ್ದಳು. ಕಾರಣ ಕೇಳಿದಾಗ ಹೇಳಿದಳು: "ಅಲ್ಲಿ ಹೋದರೆ ಮೊದಲು ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ ಅಣ್ಣಾ. ಆ ಅಂಕೆ ತೋರಿಸಲು ನನಗೆ ಮುಖವಿಲ್ಲ."

ನಾಚಿಕೆ ಮನುಷ್ಯನನ್ನು ತಿದ್ದುತ್ತದೆ ಎಂದು ನಾವು ನಂಬಿದ್ದೇವೆ. ಇಲ್ಲಿ ಅದು ಔಷಧವನ್ನೇ ತಪ್ಪಿಸಿತ್ತು.

ಸಂಜೆ ಮಾಂಡವಿಯ ದಂಡೆಯಲ್ಲಿ ಒಬ್ಬನೇ ನಡೆದೆ. ಬಿಜಾಪುರದ ಆದಿಲ್‌ಶಾಹಿಗಳು ಕಟ್ಟಿಸಿದ ಹಳೆಯ ಅರಮನೆಯ ಪಕ್ಕದಲ್ಲಿ ಅಬೆ ಫಾರಿಯಾ ಎಂಬ ಗೋವೆಯ ಪಾದ್ರಿಯ ಪ್ರತಿಮೆಯಿದೆ. ಹುಟ್ಟಿದ್ದು 1756ರಲ್ಲಿ, ಕಾಂದೋಳಿಯಲ್ಲಿ. ಪ್ಯಾರಿಸಿಗೆ ಹೋಗಿ ಸಮ್ಮೋಹನ ವಿದ್ಯೆಯಲ್ಲಿ ಹೆಸರಾದವನು. 1945ರಲ್ಲಿ ನಿಲ್ಲಿಸಿದ ಈ ಪ್ರತಿಮೆಯಲ್ಲಿ ಅವನು ಕೈಚಾಚಿ ನಿಂತಿದ್ದಾನೆ, ಎದುರಲ್ಲಿ ಒಬ್ಬ ಹೆಂಗಸು ಒರಗಿದ್ದಾಳೆ. ನೋಡಿದವರಿಗೆ ಶಕ್ತಿಯೆಲ್ಲ ಆ ಕೈಯಲ್ಲಿದೆ ಎಂದು ತೋರಬೇಕು. ಆದರೆ ಅವನು ಸಾರಿದ್ದು ಅದಕ್ಕೆ ವಿರುದ್ಧವಾದುದನ್ನು: ಸಮ್ಮೋಹನಕಾರನ ಕೈಯಿಂದ ಯಾವ ಅಯಸ್ಕಾಂತ ಶಕ್ತಿಯೂ ಹರಿಯುವುದಿಲ್ಲ, ನಿದ್ರೆ ಹುಟ್ಟುವುದು ಮಲಗಿದವರ ಒಳಗಿನಿಂದಲೇ ಎಂದು.

ಶಸ್ತ್ರಕ್ರಿಯೆಯ ವಿಷಯದಲ್ಲೂ ನಾವು ಎರಡು ಬಗೆಯಲ್ಲಿ ತಪ್ಪುತ್ತೇವೆ. ತೂಕ ಇಳಿಯುವಾಗ ವೈದ್ಯರ ಕೈಗುಣ ಎನ್ನುತ್ತೇವೆ. ಏರುವಾಗ ರೋಗಿಯ ನಾಲಿಗೆಯ ಚಪಲ ಎನ್ನುತ್ತೇವೆ. ಇವೆರಡರ ನಡುವೆ ದೇಹವೆಂಬುದೊಂದಿದೆ ಎಂಬುದನ್ನು ಮರೆಯುತ್ತೇವೆ.

ಮೊದಲ ವಾರಗಳಲ್ಲಿ ಇಳಿಯುವುದರಲ್ಲಿ ನೀರಿನ ಪಾಲೂ ಇರುತ್ತದೆ. ಶರೀರ ಕೂಡಿಟ್ಟ ಒಂದು ಗ್ರಾಂ ಪಿಷ್ಟದ ಜೊತೆಗೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಪಿಷ್ಟ ಖರ್ಚಾದರೆ ನೀರೂ ಹೋಗುತ್ತದೆ, ಅದು ತುಂಬಿದರೆ ನೀರೂ ಮರಳುತ್ತದೆ. ಒಳಗೆ ಕೊಬ್ಬು ಕರಗುತ್ತಿದ್ದರೂ ತಕ್ಕಡಿ ನಿಂತಂತೆ ತೋರುವುದು ಇದರಿಂದಲೇ. ಮುಂದೆ, ಚಿಕ್ಕದಾದ ದೇಹಕ್ಕೆ ಬೇಕಾಗುವ ಅನ್ನವೂ ಕಡಿಮೆ. ಅದರ ಮೇಲೆ ದೇಹ ತಾನಾಗಿ ಖರ್ಚನ್ನು ಇನ್ನಷ್ಟು ಬಿಗಿ ಹಿಡಿಯುತ್ತದೆ. ಮೊದಲು ಅಡಗಿದ್ದ ಹಸಿವು ಕೆಲವರಲ್ಲಿ ವರ್ಷಗಳ ಮೇಲೆ ಮರಳುತ್ತದೆ. 1944-45ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ, ಯುದ್ಧಕ್ಕೆ ಹೋಗಲು ಮನಸ್ಸೊಪ್ಪದ 36 ಮಂದಿ ತರುಣರು ಆರು ತಿಂಗಳು ಅರೆಹೊಟ್ಟೆಯಲ್ಲಿದ್ದು ಪರೀಕ್ಷೆಗೆ ಒಳಗಾದರು. ತೂಕದ ಕಾಲುಭಾಗದಷ್ಟು ಇಳಿಯಿತು. ತತ್ತ್ವಕ್ಕಾಗಿ ಸರಕಾರವನ್ನೇ ಎದುರಿಸಿದ ಆ ದೃಢಮನಸ್ಕರು ಹಗಲಿರುಳು ಊಟದ ಮಾತನ್ನೇ ಆಡತೊಡಗಿದರು. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಅವರನ್ನು ಇಚ್ಛಾಶಕ್ತಿಯಿಲ್ಲದವರು ಎನ್ನಲಾದೀತೆ?

ಸ್ವೀಡನ್ ದೇಶದಲ್ಲಿ 1987ರಿಂದ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಕರುಳಿನ ದಾರಿ ಬದಲಿಸುವ ಬೈಪಾಸ್ ಶಸ್ತ್ರಕ್ರಿಯೆ ಆದವರಲ್ಲಿ ಒಂದೆರಡು ವರ್ಷಗಳಲ್ಲಿ ತೂಕ ಸರಾಸರಿ ಶೇಕಡಾ 32ರಷ್ಟು ಇಳಿದಿತ್ತು; ಹತ್ತು ವರ್ಷಗಳ ಮೇಲೆ ಆ ಇಳಿಕೆ ಶೇಕಡಾ 25ಕ್ಕೆ ಬಂದು ನಿಂತಿತ್ತು. ಅಂದರೆ ಸ್ವಲ್ಪ ಮರಳಿ ಬರುವುದೇ ಸಾಮಾನ್ಯ ದಾರಿ. ಹೀಗಿದ್ದೂ ಶಸ್ತ್ರಕ್ರಿಯೆ ಆಗದವರಿಗಿಂತ ಆದವರಲ್ಲಿ ಸಾವು ಕಡಿಮೆಯಿತ್ತು. ನನ್ನ ತಂಗಿ ಮಾಡಿಸಿಕೊಂಡದ್ದು ಬೇರೆ ಕ್ರಮದ ಶಸ್ತ್ರಕ್ರಿಯೆ, ನಿಜ. ಆದರೂ ಲೆಕ್ಕ ಹಾಕಿದೆ. 118ರಿಂದ 85 ಎಂದರೆ 33 ಕಿಲೋ ಕಡಿಮೆ. ನಾವು ಯಾರೂ ಆ 33ನ್ನು ಕಾಣಲಿಲ್ಲ. ಮರಳಿದ ಏಳನ್ನು ಮಾತ್ರ ಕಂಡೆವು.

ಇಲ್ಲೊಂದು ಆಕ್ಷೇಪ ಬರಬಹುದು. ಎಲ್ಲವೂ ದೇಹದ ಕೆಲಸವಾದರೆ ಮನುಷ್ಯನಿಗೆ ಹೊಣೆಯೇ ಇಲ್ಲವೇ? ಹೀಗೆ ಹೇಳಿ ಸೋಮಾರಿತನಕ್ಕೆ ನೆಪ ಒದಗಿಸಿದಂತಾಗದೆ? ಆಕ್ಷೇಪದಲ್ಲಿ ಹುರುಳಿದೆ. ಹೊತ್ತುಹೊತ್ತಿಗೆ ಕುರುಕಲು ತಿಂದರೆ, ಸಿಹಿ ಪಾನೀಯ ಕುಡಿದರೆ ಸಣ್ಣ ಜಠರವೂ ಸೋಲುತ್ತದೆ. ಏರುತ್ತಲೇ ಹೋಗುವ ತೂಕವನ್ನು ಕಡೆಗಣಿಸುವುದೂ ಸಲ್ಲದು. ಅದಕ್ಕೆ ಕಾರಣವೇನೆಂದು ವೈದ್ಯರು ನೋಡಬೇಕು, ಇಂದು ಅದಕ್ಕೆ ಔಷಧಗಳೂ ಇವೆ. ಆದರೆ ಹೊಣೆ ಬೇರೆ, ದೂರು ಬೇರೆ. ಮಾತ್ರೆ ನುಂಗುವುದು, ಬೇಳೆಕಾಳು ಮೊಟ್ಟೆಗಳಂಥ ಸಾರವುಳ್ಳದ್ದನ್ನು ಮೊದಲು ತಿನ್ನುವುದು, ನಡೆಯುವುದು, ಪರೀಕ್ಷೆಗೆ ಹೋಗುವುದು ಇವು ಆಕೆಯ ಕೈಯಲ್ಲಿವೆ. ಇವಕ್ಕೆ ಆಕೆ ಹೊಣೆ. ಇವನ್ನೆಲ್ಲ ಮಾಡಿದ ಮೇಲೂ ತಕ್ಕಡಿ ಯಾವ ಅಂಕೆ ತೋರಿಸುತ್ತದೆ ಎಂಬುದು ಪೂರ್ತಿಯಾಗಿ ಆಕೆಯ ಕೈಯಲ್ಲಿಲ್ಲ. ಕೈಯಲ್ಲಿಲ್ಲದುದಕ್ಕೆ ದೂರಿದರೆ ಕೈಯಲ್ಲಿರುವುದನ್ನೂ ಮನುಷ್ಯ ಬಿಟ್ಟುಬಿಡುತ್ತಾನೆ. ನಮ್ಮ ಮನೆಯಲ್ಲಿ ಆದದ್ದು ಇದೇ. ಬೇಸಾಯ ಮಾಡಿದವರಿಗೆ ಇದು ಹೊಸ ಮಾತಲ್ಲ. ಅಡಿಕೆ ತೋಟಕ್ಕೆ ಮದ್ದು ಬಿಡದವನನ್ನು ಬೈಯಬಹುದು; ಮದ್ದು ಬಿಟ್ಟೂ ಕೊಳೆರೋಗ ಬಂದವನನ್ನು ಯಾರೂ ಬೈಯುವುದಿಲ್ಲ.

ಇಟಲಿಯ ಪಡುವಾದಲ್ಲಿ ಸಾಂಟೋರಿಯೋ ಎಂಬ ವೈದ್ಯನಿದ್ದ. ಸುಮಾರು ಮೂವತ್ತು ವರ್ಷ ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕುಳಿತು ತನ್ನನ್ನೂ ತಾನು ತಿಂದುದನ್ನೂ ವಿಸರ್ಜಿಸಿದುದನ್ನೂ ತೂಗಿ, 1614ರಲ್ಲಿ ಪುಸ್ತಕ ಪ್ರಕಟಿಸಿದ. ತಿಂದುದರಲ್ಲಿ ಬಹುಭಾಗ ಕಣ್ಣಿಗೆ ಕಾಣದೆ ಮೈಯಿಂದ ಹೋಗುತ್ತದೆ ಎಂದು ಕಂಡುಕೊಂಡ. ಅವನಿಗೆ ಅಂಕೆ ಒಂದು ಸಮಾಚಾರವಾಗಿತ್ತು. ಇಂದು ಏರಿತೆಂದು ಅವನು ಮುಖ ಮರೆಸಿಕೊಳ್ಳಲಿಲ್ಲ.

ನಮ್ಮಲ್ಲೂ ನಾಚಿಕೆಯಿಲ್ಲದ ತಕ್ಕಡಿ ಒಂದಿದೆ. ಗುರುವಾಯೂರಿನಲ್ಲಿ ತುಲಾಭಾರಕ್ಕೆ ಕುಳಿತವರನ್ನು ನೋಡಿ. ಬಾಳೆಹಣ್ಣಿಗೋ ಬೆಲ್ಲಕ್ಕೋ ಸಮವಾಗಿ ತೂಗುತ್ತಾರೆ. ಭಾರವಿದ್ದಷ್ಟೂ ಹರಕೆ ದೊಡ್ಡದು, ಅಷ್ಟೆ. ಶ್ರೀಕೃಷ್ಣ ತುಲಾಭಾರದ ಪ್ರಸಂಗವನ್ನು ನಾವೆಲ್ಲ ಬಯಲಾಟದಲ್ಲಿ ಕಂಡವರು. ಸತ್ಯಭಾಮೆಯ ಚಿನ್ನದ ರಾಶಿಗೆ ತೂಗದವನು ರುಕ್ಮಿಣಿಯ ತುಳಸಿದಳಕ್ಕೆ ತೂಗಿದ. ಅಲ್ಲಿ ಪರೀಕ್ಷೆಯಾದದ್ದು ತಕ್ಕಡಿಯಲ್ಲಿ ಕುಳಿತವನಿಗಲ್ಲ, ಎದುರು ತಟ್ಟೆಗೆ ಹಾಕುವವರಿಗೆ. ಮದುವೆಯ ಪಂಕ್ತಿಯಲ್ಲಿ ನಾನು ಹಾಕಿದ್ದು ಏನೆಂದು ಆಗ ಹೊಳೆಯಿತು.

ಮನೆಗೆ ಮರಳಿ, "ಅಂದು ನಾನು ಹಾಗೆ ಹೇಳಬಾರದಿತ್ತು" ಎಂದೆ. ಆಕೆ, "ಅದೆಲ್ಲ ಈಗ ಯಾಕೆ?" ಎಂದು ಒಳಗೆ ಹೋದಳು. ಆದರೆ ಮರುದಿನ ಬೆಳಗ್ಗೆ ವೈದ್ಯರಲ್ಲಿಗೆ ಹೋಗಲು ಸೀರೆ ಉಟ್ಟು ನಿಂತಿದ್ದಳು. ಬಾವನೂ ನಾನೂ ಜೊತೆಗೆ ಹೋದೆವು. ತಕ್ಕಡಿ 86 ತೋರಿಸಿತು. ವೈದ್ಯರು ಬರೆದುಕೊಂಡರು, "ಮಾತ್ರೆ ಯಾವಾಗಿನಿಂದ ಬಿಟ್ಟಿರಿ?" ಎಂದು ಕೇಳಿದರು. ತೂಕದ ಬಗ್ಗೆ ಒಂದು ಮಾತೂ ಆಡದೆ ಬಿ-12ರ ಚುಚ್ಚುಮದ್ದು ಬರೆದುಕೊಟ್ಟರು.

ಬರುವ ದಿನಗಳಲ್ಲಿ ನಮ್ಮ ಮನೆಗಳಲ್ಲೂ ಇಂಥವರು ಹೆಚ್ಚಾಗಿ ಕಾಣಸಿಗುತ್ತಾರೆ. ಊರಿಗೆ ಬಂದಾಗ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಮಾತು ಆರಂಭಿಸುವುದು ಬೇಡ. ಪ್ರಯಾಣ ಹೇಗಾಯಿತು ಎಂದು ಕೇಳೋಣ. ಎಲೆಯಲ್ಲಿ ಏನಿದೆ, ಎಷ್ಟಿದೆ ಎಂಬುದು ಅವರಿಗೆ ಬಿಟ್ಟದ್ದು.