ಮಠದ ಉಳಿವು ಯಾವುದರಲ್ಲಿ?

ಮಠವೊಂದು ಹಾಳಾಯಿತೆಂದು ಯಾವಾಗ ಹೇಳಬೇಕು? ಗೋಡೆ ಬಿದ್ದಾಗಲೋ, ಗೋಡೆಯೊಳಗಿನ ಕಾಯಕ ನಿಂತಾಗಲೋ? ವಾಚಕರು ಇದನ್ನು ಬರಿಯ ಪುರಾತತ್ತ್ವದ ಪ್ರಶ್ನೆಯೆಂದು ಬಗೆಯಬಾರದು. ಇದು ಧರ್ಮದ ಪ್ರಶ್ನೆ.

ಫ್ರಾನ್ಸ್ ದೇಶದಲ್ಲಿ ಸೇನ್ ನದಿಯ ದಡದ ಮೇಲೆ ಜುಮ್ಯೆಜ್ ಎಂಬ ಚಿಕ್ಕ ಗ್ರಾಮವಿದೆ. ಅಲ್ಲಿ 654ರಲ್ಲಿ ಸ್ಥಾಪಿತವಾದ ಕ್ರೈಸ್ತ ಸಂನ್ಯಾಸಿಗಳ ಮಠವಿತ್ತು. ಅದರ ಮಹಾಮಂದಿರ 1067ರಲ್ಲಿ ಪ್ರತಿಷ್ಠೆಗೊಂಡಿತು. 1789ರ ಕ್ರಾಂತಿಯ ತರುವಾಯ ಸಂನ್ಯಾಸಿಗಳು ಚದುರಿದರು; ಮಠ ಮಾರಾಟವಾಗಿ ಕಲ್ಲಿನ ಗಣಿಯಾಯಿತು. ಇಂದಿಗೂ ಎರಡು ಗೋಪುರಗಳು, ಛಾವಣಿಯಿಲ್ಲದ ಗೋಡೆಗಳು ನಿಂತಿವೆ. ನೋಡುವವರು ಬರುತ್ತಾರೆ, ಅಲ್ಲಿಯೇ ಬಾಳಿ ಪ್ರಾರ್ಥಿಸುವವರಿಲ್ಲ. ಕಾಯವಿದೆ, ಪ್ರಾಣವಿಲ್ಲ.

ನಮ್ಮ ನಾಡಿನ ಬಳ್ಳಿಗಾವೆಯ ಕೋಡಿಯ ಮಠದ ಕಥೆ ಬೇರೆ. ಅಲ್ಲಿ ಕೇದಾರೇಶ್ವರನ ಗುಡಿ ನಿಂತಿದೆ. ಕಾಳಾಮುಖ ಯತಿಗಳ ಆ ಮಠ ಇಂದಿಲ್ಲ. ಆದರೆ 1162ರ ಶಾಸನವೊಂದು ಅದರ ಬಾಳನ್ನು ಬಣ್ಣಿಸುತ್ತದೆ. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು, ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ದೊರೆಯುತ್ತಿತ್ತು, ರೋಗಿಗಳಿಗೆ ಔಷಧವಿತ್ತು, ಅನ್ಯಮತದ ಯತಿಗಳಿಗೂ ಬಾಗಿಲು ತೆರೆದಿತ್ತು.

ಸ್ಥಾವರಕ್ಕಿಂತ ಜಂಗಮವೇ ಹಿರಿದೆಂದು ನಾವು ಸುಲಭವಾಗಿ ನುಡಿಯುತ್ತೇವೆ. ಹಾಗಾದರೆ ಕಲ್ಲಿಗೆ ಬೆಲೆಯಿಲ್ಲವೇ? ವಿಚಾರಿಸಿ ನೋಡಿರಿ: ಉಂಡವರು ಹೋದರು, ಉಣಬಡಿಸಿದವರೂ ಹೋದರು, ಅವರ ದಾಸೋಹವನ್ನು ಎಂಟು ಶತಮಾನಗಳ ಈಚೆಗೆ ಹೊತ್ತು ತಂದುದು ಕಲ್ಲೇ. ಆದುದರಿಂದ ಹಳೆಯ ಕಲ್ಲನ್ನು ಕಾಯುವುದು ಕರ್ತವ್ಯ. ಆದರೆ ಕಲ್ಲು ಸಾಕ್ಷಿ ಮಾತ್ರ. ಸಾಕ್ಷಿ ಹೇಳಲು ಮೊದಲು ಕೃತಿ ಇರಬೇಕು.

ದಾಂಡೇಲಿಯಿಂದ ಮೇಲಕ್ಕೆ, ಕಾಳಿ ನದಿಯ ದಡದಲ್ಲಿದ್ದ ಸೂಪಾ ಊರಿಗೆ ಸಾಕ್ಷಿಯೂ ಉಳಿಯಲಿಲ್ಲ. 101 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ 1980ರ ದಶಕದಲ್ಲಿ ಅದು ಮುಳುಗಿತು. ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಬಂದಿತು. ಮನೆ ಕಳೆದುಕೊಂಡವರು ರಾಮನಗರದಲ್ಲಿ ಹೊಸ ಬಾಳು ಹೂಡಬೇಕಾಯಿತು. ಅವರ ಅಂಗಳದ ಮೇಲೆ ನಿಂತ ನೀರಿನಿಂದ ಹುಟ್ಟಿದ ವಿದ್ಯುತ್ತು ನಾಡಿನ ಮನೆಗಳನ್ನೂ ಮಠಗಳನ್ನೂ ಬೆಳಗಿಸಿದೆ. ಮುಳುಗಿದ ಗುಡಿಗಾಗಿ ಮರುಗಿ, ಒಕ್ಕಲೆದ್ದವರನ್ನು ಮರೆತರೆ ಆ ಮರುಕ ಧರ್ಮವಾದೀತೇ? ಅವರ ಋಣವನ್ನು ತೀರಿಸುವುದು ಸರಕಾರದ ಹೊಣೆಯಷ್ಟೇ ಅಲ್ಲ, ಆ ಬೆಳಕಿನಲ್ಲಿ ಓದುವ ನಮ್ಮದೂ ಹೌದು.

ಅದೇ ತಾಲೂಕಿನ ಉಳವಿಯನ್ನು ನೋಡಿರಿ. ಕಲ್ಯಾಣದ ಕ್ರಾಂತಿಯ ತರುವಾಯ ಚೆನ್ನಬಸವಣ್ಣನವರು ಐಕ್ಯರಾದ ಅಡವಿಯ ಊರು ಅದು. ಅದನ್ನು ಇಂದಿಗೂ ಜೀವಂತವಾಗಿಟ್ಟವರು ಮಾಘಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿಯ ಕಡೆಯಿಂದ ಚಕ್ಕಡಿ ಹೂಡಿಕೊಂಡು, ಬುತ್ತಿ ಕಟ್ಟಿಕೊಂಡು ಬರುವ ರೈತರು. ಹಂಚಿ ಉಣ್ಣುವವರು ಇರುವವರೆಗೆ ಕ್ಷೇತ್ರ ಹಾಳಾಗದು.

ಇಂದು ಅನೇಕ ಮಠಗಳು ಎತ್ತರದ ಮಹಾದ್ವಾರಗಳನ್ನು ಕಟ್ಟುತ್ತಿವೆ. ಕಟ್ಟಲಿ. ಆದರೆ ಆ ದ್ವಾರದ ಮೇಲೆ ದಾನಿಗಳ ಹೆಸರಿನ ಜೊತೆಗೆ, ಬಳ್ಳಿಗಾವೆಯ ಶಾಸನದಂತೆ, ಒಳಗೆ ಉಂಡವರನ್ನೂ ಓದಿದವರನ್ನೂ ಗುಣಮುಖರಾದವರನ್ನೂ ಕುರಿತು ಒಂದು ಸಾಲನ್ನಾದರೂ ಸತ್ಯವಾಗಿ ಕೆತ್ತಿಸಲು ಸಾಧ್ಯವೇ? ಸಾಧ್ಯವಾದರೆ ಆ ಮಠ ಉಳಿದಿದೆ. ಇಲ್ಲವಾದರೆ, ಬಣ್ಣ ಹೊಸದಿದ್ದರೂ, ಅದು ಈಗಾಗಲೇ ಪಾಳು.