ಎರಡು ರಾತ್ರಿಯ ಗುಡಿಸಲು

ಗೋಕರ್ಣದ ಕಡಲ ದಂಡೆಯಲ್ಲಿ ಎರಡು ದಿನ ಉಳಿದು ಬರೋಣ ಎಂದು ಮನೆಯಲ್ಲಿ ಮಾತಾದಾಗ ಅಪ್ಪ ಮೊದಲು ಖುಷಿಯಿಂದಲೇ ಒಪ್ಪಿದ್ದರು. ಅವರು ಸಮುದ್ರ ನೋಡದೆ ಬಹಳ ದಿನಗಳಾಗಿದ್ದವು. ನಾನು ಮೊಬೈಲಿನಲ್ಲಿ ರೆಸಾರ್ಟಿನ ಚಿತ್ರಗಳನ್ನು ತೋರಿಸಿದೆ. ಮಣ್ಣಿನ ಗೋಡೆ, ಸೋಗೆಯ ಮಾಡು, ಸಗಣಿ ಸಾರಿಸಿದಂತೆ ಕಾಣುವ ನೆಲ, ಜಗಲಿಯಲ್ಲೊಂದು ತೂಗುಮಂಚ. ಕೆಳಗೆ ‘ಪರಿಸರಸ್ನೇಹಿ ದೇಸಿ ಕುಟೀರಗಳು’ ಎಂದು ಬರೆದಿತ್ತು. ಅಪ್ಪ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಚಿತ್ರ ನೋಡಿದರು. ಒಂದು ರಾತ್ರಿಗೆ ಎಷ್ಟು ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಂಥದ್ದರಲ್ಲಿ ನಾನು ಹದಿನೆಂಟು ವರ್ಷ ಪುಕ್ಕಟೆ ಇದ್ದು ಬಂದಿದ್ದೇನೆ ಮಾರಾಯ, ನೀವು ಹೋಗಿ ಬನ್ನಿ” ಎಂದರು.

ನಾವೆಲ್ಲ ನಕ್ಕೆವು. ಅಪ್ಪ ಬರಲಿಲ್ಲ.

ಅಂಕೋಲೆಯ ಹತ್ತಿರದ ಊರಿನಲ್ಲಿ ಅವರ ಬಾಲ್ಯ ಕಳೆದದ್ದು ಸೋಗೆಯ ಮನೆಯಲ್ಲಿ. ಅಡಕೆಯ ಒಣಗಿದ ಸೋಗೆಯನ್ನು ದಬ್ಬೆಗಳ ಮೇಲೆ ಸಾಲುಸಾಲಾಗಿ ಹೊದಿಸಿ ಕತ್ತದ ಹಗ್ಗದಿಂದ ಕಟ್ಟುತ್ತಿದ್ದರು. ಅದು ಒಂದು ಮಳೆಗಾಲದ ಮಾಡು. ಈ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಹಾಗಾಗಿ ಪ್ರತಿ ಬೇಸಿಗೆಯಲ್ಲಿ ಹಳೆಯ ಸೋಗೆ ತೆಗೆದು ಹೊಸದು ಹೊದಿಸಲೇಬೇಕು. ಸೋಗೆ ಬೇಕೆಂದರೆ ತೋಟ ಇದ್ದವರ ಮನೆಯಲ್ಲಿ ಒಂದಷ್ಟು ದಿನ ಬಿಟ್ಟಿ ದುಡಿಯಬೇಕು. ಹೊದಿಸಲು ಅಕ್ಕಪಕ್ಕದವರು ಬರಬೇಕು. ಬಂದವರ ಮನೆಗೆ ನಾವೂ ಹೋಗಬೇಕು. ಮೇ ತಿಂಗಳಲ್ಲಿ ಮೋಡ ಕಟ್ಟಿದರೆ ಅಜ್ಜಿಗೆ ನಿದ್ದೆ ಬರುತ್ತಿರಲಿಲ್ಲವಂತೆ. ಸೋರುವ ಜಾಗಕ್ಕೊಂದು ಪಾತ್ರೆ, ಪಾತ್ರೆ ಸಾಲದಿದ್ದರೆ ಮಕ್ಕಳ ಹಾಸಿಗೆ ಇನ್ನೊಂದು ಮೂಲೆಗೆ. ಅಪ್ಪ ಕೆಲಸಕ್ಕೆ ಸೇರಿದ ಮೇಲೆ ಸಾಲ ಮಾಡಿ ಕೊಂಡ ಮೊದಲ ವಸ್ತು ಮಂಗಳೂರು ಹೆಂಚು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಶುರುಮಾಡಿದ ಆ ಹೆಂಚು ನಮ್ಮ ಮನೆಯ ಮೇಲೆ ಬಂದು ಕೂರುವುದಕ್ಕೆ ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಹೆಂಚು ಹೊದಿಸಿದ ವರ್ಷದ ಮೊದಲ ಮಳೆಯ ರಾತ್ರಿ ಅಜ್ಜಿ ಎದ್ದು ಕೂತು ಮಾಡನ್ನೇ ನೋಡುತ್ತಿದ್ದಳಂತೆ.

ಆ ಅಜ್ಜಿಯ ಮೊಮ್ಮಗ ಹಣ ಕೊಟ್ಟು ಸೋಗೆಯ ಕೆಳಗೆ ಮಲಗಲು ಹೊರಟಿದ್ದೆ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ನನಗೆ ಆ ಕುಟೀರ ಇಷ್ಟವಾಯಿತು. ಜನವರಿಯ ಸಂಜೆ, ಗುಡ್ಡದ ಬುಡದಲ್ಲಿ ಚಿರೆಕಲ್ಲು ಮೆಟ್ಟಿಲು, ಕೆಳಗೆ ಕಡಲು. ಗೋಡೆ ತಣ್ಣಗಿತ್ತು, ರಾತ್ರಿ ತೆರೆಗಳ ಸದ್ದು ಮಾಡಿನ ಸಂದಿಯಿಂದ ಒಳಬರುತ್ತಿತ್ತು. ಮಲಗಿಕೊಂಡು ಮೇಲೆ ನೋಡಿದಾಗ ಸೋಗೆಯ ಅಡಿಯಲ್ಲಿ ನೀಲಿ ಪ್ಲಾಸ್ಟಿಕ್ ಹಾಳೆ ಕಂಡಿತು. ಬಿದಿರಿನ ಪೆಟ್ಟಿಗೆಯೊಳಗೆ ಅಡಗಿಸಿಟ್ಟ ಎಸಿ ಕಂಡಿತು. ಇವನ್ನು ನೋಡಿ ‘ಎಲ್ಲ ನಾಟಕ’ ಎಂದು ಮೂಗು ಮುರಿಯುವುದು ಸುಲಭ. ಆದರೆ ಅಂಥದೊಂದು ಪ್ಲಾಸ್ಟಿಕ್ ಹಾಳೆ ಸಿಕ್ಕಿದ್ದರೆ ಅಜ್ಜಿ ಅದನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

ಮರುದಿನ ಬೆಳಿಗ್ಗೆ ಪಕ್ಕದ ಕುಟೀರದ ಮಾಡಿನ ಮೇಲೆ ಒಬ್ಬರು ಸೋಗೆ ಸರಿಮಾಡುತ್ತಿದ್ದರು. ಐವತ್ತರ ಆಸುಪಾಸಿನ ಸ್ಥಳೀಯರು. ಕೆಲಸ ಚೆಂದವಾಗಿತ್ತು, ನಿಂತು ನೋಡಿದೆ, ಒಂದಷ್ಟು ಫೋಟೋ ತೆಗೆದೆ. ಮಾತಿಗೆ ಮಾತು ಬಂದು, ನಿಮ್ಮ ಮನೆಯೂ ಹೀಗೇ ಇದೆಯೇ ಎಂದು ಕೇಳಿದೆ. ಇಲ್ಲ, ತಾರಸಿ ಹಾಕಿಸಿದ್ದೇವೆ ಎಂದರು. “ಅಯ್ಯೋ, ಇದೇ ಎಷ್ಟು ತಂಪಿತ್ತಲ್ಲ” ಎಂದುಬಿಟ್ಟೆ. ಅವರು ಹಗ್ಗ ಎಳೆದು ಗಂಟು ಬಿಗಿದು, ಸಿಟ್ಟಿಲ್ಲದೆ ಕೇಳಿದರು: “ನಿಮ್ಮದು ಬೆಂಗಳೂರಲ್ಲಿ ಮಣ್ಣಿನ ಮನೆಯಾ?”

ನನ್ನದು ಏಳನೆಯ ಮಹಡಿಯ ಫ್ಲ್ಯಾಟು.

ಆ ಪ್ರಶ್ನೆ ನನ್ನ ಜೊತೆ ಉಳಿದುಕೊಂಡಿತು. ಒಬ್ಬರು ಕಷ್ಟಪಟ್ಟು ಬಿಟ್ಟುಬಂದ ಬದುಕಿನ ಆಕಾರವನ್ನು ಇನ್ನೊಬ್ಬರು ಸುಖಕ್ಕಾಗಿ ಬಾಡಿಗೆಗೆ ಪಡೆಯುವುದರಲ್ಲಿ ತಪ್ಪೇನಾದರೂ ಇದೆಯೇ?

ತಪ್ಪಿಲ್ಲ ಎನ್ನುವವರ ಮಾತನ್ನು ಮೊದಲು ಕೇಳೋಣ, ಅದು ಗಟ್ಟಿಯಾಗಿಯೇ ಇದೆ. ಸಿಮೆಂಟ್ ಮಾಡಲು ಸುಣ್ಣದಕಲ್ಲನ್ನು ಸುಡಬೇಕು; ಸುಟ್ಟಾಗ ಉರುವಲಿನಿಂದ ಮಾತ್ರವಲ್ಲ, ಕಲ್ಲಿನೊಳಗಿಂದಲೇ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಆ ಅನಿಲದಲ್ಲಿ ಶೇಕಡ 7–8ರಷ್ಟು ಸಿಮೆಂಟಿನದೇ ಪಾಲು. ಮಣ್ಣು, ಚಿರೆಕಲ್ಲು, ಸೋಗೆಗಳಿಗೆ ಈ ಸುಡುವ ಕೆಲಸವಿಲ್ಲ. ಹಳೆಯ ಸೋಗೆ ಮತ್ತೆ ತೋಟದ ಗೊಬ್ಬರವಾಗುತ್ತದೆ. ಕೇರಳದಲ್ಲಿ ನೆಲೆಸಿ ಸ್ಥಳೀಯ ಸಾಮಗ್ರಿಗಳಿಂದ ಅಗ್ಗದ, ಸುಂದರ ಮನೆಗಳನ್ನು ಕಟ್ಟಿದ ಲಾರಿ ಬೇಕರ್ ಜೀವನವಿಡೀ ಹೇಳಿದ್ದು ಇದನ್ನೇ. ಜೊತೆಗೆ, ರೆಸಾರ್ಟು ಇಲ್ಲದಿದ್ದರೆ ಸೋಗೆ ಹೊದಿಸುವ ಕೈಕೆಲಸ ಈ ತಲೆಮಾರಿಗೇ ಮುಗಿಯುತ್ತಿತ್ತು. ದಂಡೆಯ ಮೇಲೆ ಐದು ಅಂತಸ್ತಿನ ಗಾಜಿನ ಹೋಟೆಲಿಗಿಂತ ಈ ಕುಟೀರ ಸಾವಿರ ಪಾಲು ಮೇಲು.

ಇದೆಲ್ಲ ನಿಜ. ಆದರೂ ಲೆಕ್ಕದಲ್ಲಿ ಏನೋ ತಪ್ಪಿದೆ ಅನ್ನಿಸಿದ್ದು ಸ್ನಾನದ ಮನೆಯಲ್ಲಿ. ಮೇಲಿನಿಂದ ಸುರಿಯುವ ಬಿಸಿನೀರು, ದಿನಕ್ಕೆರಡು ಹೊಸ ಬಿಳಿ ಟವೆಲು, ಬಿಳಿ ಹಾಸು. ಕಡಲ ದಂಡೆಯ ಬಾವಿಯಲ್ಲಿ ಸಿಹಿನೀರು ಇರುವುದೇ ಒಂದು ಸೂಕ್ಷ್ಮ ವ್ಯವಸ್ಥೆ. ಮರಳಿನಲ್ಲಿ ಇಂಗಿದ ಮಳೆನೀರು ಹಗುರ, ಕಡಲಿನ ಉಪ್ಪುನೀರು ಭಾರ. ಹಗುರವಾದದ್ದು ಭಾರದ್ದರ ಮೇಲೆ ತೇಲುತ್ತಿರುತ್ತದೆ. ಸಿಹಿನೀರು ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ ಕೆಳಗೆ ಸುಮಾರು 40 ಅಡಿಯಷ್ಟು ಇರುತ್ತದೆ ಎನ್ನುವುದು ಸ್ಥೂಲ ಲೆಕ್ಕ. ಪಂಪು ಹಚ್ಚಿ ಮೇಲಿನ ಆ ಒಂದು ಅಡಿಯನ್ನು ಖಾಲಿ ಮಾಡಿದರೆ ಕೆಳಗಿನಿಂದ ಉಪ್ಪು ಅದರ ಹಲವು ಪಟ್ಟು ಮೇಲೇರುತ್ತದೆ. ಆಗ ಉಪ್ಪಾಗುವುದು ನಮ್ಮ ಟ್ಯಾಂಕಿನ ನೀರು ಮಾತ್ರವಲ್ಲ, ಪಕ್ಕದ ಕೇರಿಯ ಬಾವಿಯೂ ಕೂಡ.

ಅಪ್ಪನ ಮನೆಯಲ್ಲಿ ನೀರನ್ನು ಕೊಡದಲ್ಲಿ ಹೊತ್ತು ತರುತ್ತಿದ್ದರು. ಹೊತ್ತು ತಂದ ನೀರನ್ನು ಯಾರೂ ಸುಮ್ಮನೆ ಸುರಿಯುವುದಿಲ್ಲ. ಭೂಮಿಗೆ ಆ ಗುಡಿಸಲು ಹಗುರವಾಗಿದ್ದದ್ದು ಗೋಡೆ ಮಣ್ಣಿನದಾಗಿತ್ತು ಎಂಬ ಒಂದೇ ಕಾರಣಕ್ಕಲ್ಲ, ಒಳಗಿನ ಬದುಕು ಹಗುರವಾಗಿತ್ತು ಎಂಬ ಕಾರಣಕ್ಕೂ. ನಾವು ಆ ಗೋಡೆಯನ್ನು ಉಳಿಸಿಕೊಂಡು, ಒಳಗೆ ಏಳನೆಯ ಮಹಡಿಯ ಬದುಕನ್ನೇ ತಂದು ಇಟ್ಟಿದ್ದೇವೆ. ಆಮೇಲೆ ಗೋಡೆಯನ್ನು ತೋರಿಸಿ ‘ಪರಿಸರಸ್ನೇಹಿ’ ಎನ್ನುತ್ತೇವೆ. ಇನ್ನೊಂದು ಮಾತನ್ನೂ ಮರೆಯಬಾರದು. ಆ ಹಗುರ ಬದುಕು ಅರ್ಧ ಜಾಣತನದ್ದಾಗಿದ್ದರೆ ಅರ್ಧ ಇಲ್ಲದಿರುವಿಕೆಯದು. ನೀರು ಹೊತ್ತ ಅಜ್ಜಿಯ ಕುತ್ತಿಗೆ ನೋವನ್ನು ಬಿಟ್ಟು ಅವಳ ಮಿತವ್ಯಯವನ್ನಷ್ಟೇ ಹೊಗಳುವುದು ಪ್ರಾಮಾಣಿಕತೆಯಲ್ಲ.

ಇಲ್ಲಿಗೇ ಕಾನೂನಿನ ಒಂದು ಸಾಲು ನೆನಪಾಗುತ್ತದೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮೊದಲು ಬಂದದ್ದು 1991ರಲ್ಲಿ. 2011ರಲ್ಲಿ, ಮತ್ತೆ 2019ರಲ್ಲಿ ಅದು ಹೊಸರೂಪ ಪಡೆಯಿತು. 2019ರ ಅಧಿಸೂಚನೆಯ ಪ್ರಕಾರ ಮೀನುಗಾರರು ಮತ್ತು ಸ್ಥಳೀಯರು ತಮ್ಮ ಮನೆಗಳಲ್ಲಿ ಹೋಮ್‌ಸ್ಟೇ ನಡೆಸಬಹುದು, ಆದರೆ ಮನೆಯ ತಳದ ವಿಸ್ತೀರ್ಣವನ್ನಾಗಲಿ, ವಿನ್ಯಾಸವನ್ನಾಗಲಿ, ಮುಂಭಾಗವನ್ನಾಗಲಿ ಬದಲಾಯಿಸುವಂತಿಲ್ಲ. ಮನೆಯ ಹೆಸರಿನಲ್ಲಿ ಹೋಟೆಲು ಏಳಬಾರದು ಎಂಬ ಉದ್ದೇಶ ಅದರ ಹಿಂದೆ ಇರಬೇಕು, ಅದು ಸರಿಯೇ. ಆದರೂ ಆ ಸಾಲು ಓದಿದಾಗ ನನಗೆ ನನ್ನದೇ ಮಾತು ಕೇಳಿಸಿತು: ‘ಅಯ್ಯೋ, ಇದೇ ಎಷ್ಟು ತಂಪಿತ್ತಲ್ಲ.’ ಅತಿಥಿಗೆ ಬೇಕಾದದ್ದು ಬದಲಾಗದ ಮುಂಭಾಗ. ಒಳಗಿದ್ದವರು ಬದಲಾಗಲು ಬಯಸಿದರೆ ನಮಗೇಕೋ ಮೋಸಹೋದಂತೆ ಅನ್ನಿಸುತ್ತದೆ.

ನಮ್ಮ ಕಥೆಗಳಲ್ಲಿ ಗುಡಿಸಲಿಗೆ ಎರಡು ಮಾದರಿಗಳಿವೆ. ರಾಮಾಯಣದಲ್ಲಿ ಲಕ್ಷ್ಮಣ ಕಟ್ಟಿದ ಪರ್ಣಶಾಲೆ ಹೊರಗಿನಿಂದ ಬಂದ ಕಟ್ಟಳೆಯ ಫಲ. ಕಾಡಿಗೆ ಕಳಿಸಿದ್ದರಿಂದ ಎಲೆಮನೆ. ಇನ್ನೊಂದು ನಂದಿಗ್ರಾಮದಲ್ಲಿ ಭರತ ತಾನಾಗಿ ಆರಿಸಿಕೊಂಡದ್ದು. ಅವನನ್ನು ಯಾರೂ ಕಳಿಸಲಿಲ್ಲ, ಅರಮನೆ ಅವನಿಗಾಗಿ ಕಾದಿತ್ತು. ಅವನು ನಾರುಮಡಿ ಉಟ್ಟು, ಜಟೆ ಬಿಟ್ಟು, ಅಣ್ಣ ಕಾಡಿನಲ್ಲಿ ಹೇಗಿದ್ದನೋ ಹಾಗೇ ಇದ್ದ. ಆರಿಸಿಕೊಂಡ ಸರಳತೆ ಎಲ್ಲವೂ ಬೂಟಾಟಿಕೆ ಎನ್ನುವವರಿಗೆ ಭರತನೇ ಉತ್ತರ. ಆದರೆ ಅವನ ಸರಳತೆಗೆ ತೂಕ ಬಂದದ್ದು ಎರಡು ಕಾರಣಕ್ಕೆ. ಅದು ಹದಿನಾಲ್ಕು ವರ್ಷದ್ದು, ಬೇಕೆಂದಾಗ ಎದ್ದು ಹೋಗುವಂಥದ್ದಲ್ಲ. ಮತ್ತು ಅದು ಇನ್ನೊಬ್ಬರ ಕಷ್ಟದ ಕಡೆಗೆ ಮುಖಮಾಡಿತ್ತು. ಅಣ್ಣ ಅಲ್ಲಿದ್ದಾನೆ ಎಂಬುದನ್ನು ಒಂದು ದಿನವೂ ಮರೆಯದಿರಲು ಕಟ್ಟಿಕೊಂಡ ಬದುಕು ಅದು. ನನ್ನ ಕುಟೀರ ಎರಡು ರಾತ್ರಿಯದು, ಅದರ ಮುಖ ಕಡಲಿನ ಕಡೆಗಿತ್ತು.

ಹಾಗೆಂದು ಎರಡು ರಾತ್ರಿ ಇದ್ದು ಬರುವುದು ಪಾಪವೆಂದು ನಾನು ಹೇಳಲಾರೆ. ರಜೆಯಲ್ಲಿ ಹೋದವನು ಭರತನಾಗಬೇಕಿಲ್ಲ. ಸುಖವನ್ನು ಸುಖವೆಂದು ಒಪ್ಪಿಕೊಂಡರೆ ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ನಾನು ನಾಚಬೇಕಾದದ್ದು ಬೇರೆ ಎರಡಕ್ಕೆ. ಒಂದು, ಕೊಂಡುಕೊಂಡ ಸುಖವನ್ನು ಗುಣವೆಂದು ಎಣಿಸಿ, ಬಿಲ್ಲಿನ ಜೊತೆಗೆ ಪುಣ್ಯದ ರಸೀದಿಯನ್ನೂ ಜೇಬಿಗಿಳಿಸಿದ್ದಕ್ಕೆ. ಎರಡು, ನನ್ನ ಕಣ್ಣಿಗೆ ಚೆಂದ ಕಾಣಲೆಂದು ಇನ್ನೊಬ್ಬರು ಸೋರುವ ಮಾಡಿನಡಿಯಲ್ಲೇ ಇರಲಿ ಎಂದು, ಒಂದು ಕ್ಷಣವಾದರೂ, ಬಯಸಿದ್ದಕ್ಕೆ. ಎರಡನೆಯದು ದೊಡ್ಡದು. ಮಾಡಿನ ಮೇಲಿದ್ದವರ ತಾರಸಿ ಮನೆಯ ಸುದ್ದಿ ಕೇಳಿದಾಗ ಮೊದಲು ಬಂದ ಭಾವ ಸಂತೋಷವೋ ಬೇಸರವೋ ಎಂದು ಕೇಳಿಕೊಂಡರೆ ಸಾಕು, ಗುಡಿಸಲನ್ನು ನಾವು ಯಾತಕ್ಕಾಗಿ ಪ್ರೀತಿಸುತ್ತೇವೆ ಎಂಬುದು ತಿಳಿದುಬಿಡುತ್ತದೆ. ನನಗೆ ಬಂದದ್ದು ಬೇಸರ.

ಮಣ್ಣಿನ ಗೋಡೆ ನಿಜವಾಗಿಯೂ ಒಳ್ಳೆಯದಾದರೆ, ಅದನ್ನು ಮೊದಲು ಕಟ್ಟಿಕೊಳ್ಳಬೇಕಾದವರು ಆರಿಸಿಕೊಳ್ಳುವ ಶಕ್ತಿ ಇರುವವರು, ತಾವು ವರ್ಷವಿಡೀ ಇರುವ ಊರಿನಲ್ಲಿ. ಅದು ಆಗದ ತನಕ, ಕಡಲ ದಂಡೆಯವರು ತಾರಸಿ ಹಾಕಿಸಿಕೊಂಡದ್ದರ ಬಗ್ಗೆ ನಿಟ್ಟುಸಿರು ಬಿಡುವ ಹಕ್ಕು ಏಳನೆಯ ಮಹಡಿಯವನಿಗಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಫೋಟೋಗಳನ್ನು ತೋರಿಸು ಎಂದರು. ಕಡಲಿನ ಚಿತ್ರಗಳನ್ನು ಬೇಗಬೇಗ ದಾಟಿ ಮಾಡಿನ ಚಿತ್ರಕ್ಕೆ ನಿಂತರು. ಬೆರಳಿನಿಂದ ದೊಡ್ಡದು ಮಾಡಿ, ದಬ್ಬೆಯ ಮೇಲಿನ ಹಗ್ಗವನ್ನು ಬಹಳ ಹೊತ್ತು ನೋಡಿದರು. “ಗಂಟು ಸರಿಯಾಗಿ ಹಾಕಿದ್ದಾನೆ. ಕಟ್ಟಿದವನಿಗೆ ಕೆಲಸ ಗೊತ್ತು” ಎಂದರು. ಆಮೇಲೆ ತಲೆಯೆತ್ತಿ, “ದಿನಕ್ಕೆ ಎಷ್ಟು ಕೊಡುತ್ತಾರಂತೆ ಅವನಿಗೆ?” ಎಂದು ಕೇಳಿದರು.

ಒಂದು ರಾತ್ರಿಯ ಬಾಡಿಗೆ ನನಗೆ ಬಾಯಿಪಾಠವಾಗಿತ್ತು. ಇದನ್ನು ನಾನು ಕೇಳಿಕೊಂಡು ಬಂದಿರಲಿಲ್ಲ.