ಲೆಕ್ಕಕ್ಕೆ ಸಿಗದ ಹತ್ತು ಪಾಲು

🪷 *ದಿನದ ಚಿಂತನೆ* 🪷

 

ಕಳೆದ ಭಾನುವಾರ ನಾವು ಕೆಲವರು ಮರಡಿಹಳ್ಳಿಗೆ ಹೋಗಿದ್ದೆವು. ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಬಂಡೆಗಳು ಅಲ್ಲಿವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ ಹಾಗೇ ಹೆಪ್ಪುಗಟ್ಟಿದ್ದು. ಅದೀಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

"ಇದು ಭೂಮಿಯ ನಡುಗರ್ಭದಿಂದ ಬಂದಿದ್ದಾ ಮೇಷ್ಟ್ರೇ?" ಎಂದು ಒಬ್ಬರು ಕೇಳಿದರು. ಅಲ್ಲ, ಇದು ಮೇಲಿನ ಪದರದ್ದು. ಕೇಂದ್ರಗೋಳ ಶುರುವಾಗುವುದೇ ಸುಮಾರು 2,900 ಕಿ.ಮೀ. ಆಳದಲ್ಲಿ. ಮನುಷ್ಯ ಕೊರೆದಿರುವ ಅತಿ ಆಳದ ಕುಳಿ, ರಷ್ಯಾದ ಕೋಲಾದಲ್ಲಿರುವುದು, 12 ಕಿ.ಮೀ. ದಾಟಿದೆ ಅಷ್ಟೆ. ಕೇಂದ್ರಗೋಳದ ಒಂದು ಚೂರನ್ನೂ ಯಾರೂ ಮುಟ್ಟಿ ನೋಡಿಲ್ಲ.

ಆಗ ಹಿರಿಯರೊಬ್ಬರು ಹೇಳಿದರು: "ಭೂಮಿಯೊಳಗೆ ಏನಿದ್ದರೆ ನಮ್ಮ ದುಃಖ ಕಡಿಮೆಯಾಗುತ್ತೆ? ಬಾಣ ನೆಟ್ಟವನು ಮೊದಲು ಬಾಣ ಕೀಳಿಸಿಕೊಳ್ಳಬೇಕು, ಹೊಡೆದವನು ಯಾರು ಅಂತ ವಿಚಾರಿಸುತ್ತಾ ಕೂರಬಾರದು. ಮಾಲುಂಕ್ಯಪುತ್ತನಿಗೆ ಬುದ್ಧ ಹೇಳಿದ್ದು ಅದೇ ಅಲ್ವಾ?"

ಅಂದು ನನಗೆ ಉತ್ತರ ಹೊಳೆಯಲಿಲ್ಲ. ಇಂದು ಪ್ರಯತ್ನಿಸುತ್ತೇನೆ.

ಕೇಂದ್ರಗೋಳ ಕಬ್ಬಿಣ ಮತ್ತು ನಿಕ್ಕಲ್‌ನಿಂದ ಆಗಿದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದು ಸುಳ್ಳಲ್ಲ. ಆದರೆ ಭೂಕಂಪದ ಅಲೆಗಳು ಭೂಮಿಯೊಳಗೆ ಸಾಗುವ ರೀತಿಯನ್ನು ಲೆಕ್ಕ ಹಾಕಿದ ಅಮೆರಿಕದ ಫ್ರಾನ್ಸಿಸ್ ಬರ್ಚ್, 1952ರಲ್ಲಿ ಒಂದು ಕೊರತೆಯನ್ನು ಎತ್ತಿ ತೋರಿಸಿದರು. ದ್ರವರೂಪದ ಹೊರ ಕೇಂದ್ರಗೋಳ ಬರೀ ಕಬ್ಬಿಣವಾಗಿದ್ದರೆ ಎಷ್ಟು ಸಾಂದ್ರವಾಗಿರಬೇಕಿತ್ತೋ, ಅದಕ್ಕಿಂತ ಸುಮಾರು ಶೇಕಡಾ 10ರಷ್ಟು ಹಗುರವಾಗಿದೆ. ನಿಕ್ಕಲ್ ಸೇರಿಸಿದರೂ ಲೆಕ್ಕ ಕೂಡುವುದಿಲ್ಲ, ಏಕೆಂದರೆ ಅದು ಕಬ್ಬಿಣಕ್ಕಿಂತಲೂ ಭಾರ. ಹಾಗಾದರೆ ಏನೋ ಹಗುರವಾದದ್ದು ಅಲ್ಲಿ ಬೆರೆತಿರಲೇಬೇಕು.

ಅದು ಯಾವುದು? ಗಂಧಕ, ಸಿಲಿಕಾನ್, ಆಮ್ಲಜನಕ, ಇಂಗಾಲ, ಜಲಜನಕ ಎಂದು ಐದು ಹೆಸರು ಹೇಳುತ್ತಾರೆ. ಒಂದೊಂದರ ಪರವಾಗಿಯೂ ಕಾರಣಗಳಿವೆ. ನಮ್ಮ ಇಂಗಳದಾಳ್‌ನ ತಾಮ್ರದ ಅದಿರಿನಲ್ಲೇ ಕಬ್ಬಿಣ ಮತ್ತು ಗಂಧಕ ಕೂಡಿಕೊಂಡಿರುವುದನ್ನು ನೋಡಬಹುದು. ಆದರೆ ಯಾವುದೇ ಒಂದರಿಂದ ಎಲ್ಲ ಲೆಕ್ಕವೂ ಸರಿಹೋಗುವುದಿಲ್ಲ. ಬರ್ಚ್ ಹೇಳಿ 70 ವರ್ಷ ಕಳೆದರೂ ವಿಜ್ಞಾನಿಗಳು "ಇದೇ" ಎಂದು ಷರಾ ಬರೆದು ಕಡತ ಮುಚ್ಚಿಲ್ಲ.

ಈ ಹಗುರ ಪಾಲು ಕ್ಷುಲ್ಲಕವೂ ಅಲ್ಲ. ಒಳಗಿನ ಭಾಗ ನಿಧಾನವಾಗಿ ಗಟ್ಟಿಯಾಗುತ್ತಾ ಹೋದಂತೆ ಹಗುರ ಧಾತುಗಳು ಹೆಚ್ಚಾಗಿ ದ್ರವದಲ್ಲೇ ಉಳಿದು ಮೇಲೇಳುತ್ತವೆ. ಭೂಮಿಯ ಕಾಂತಕ್ಷೇತ್ರವನ್ನು ನಡೆಸುವುದರಲ್ಲಿ ಆ ಕಲಕುವಿಕೆಯ ಪಾತ್ರ ದೊಡ್ಡದು.

ಈಗ ನನ್ನ ತಪ್ಪಿನ ವಿಷಯ. ಕೆಲವು ವರ್ಷಗಳ ಹಿಂದೆ ನನ್ನ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ದಿನಾ ತಡ. ಮನೆಗೆಲಸ ಮಾಡಿರುತ್ತಿರಲಿಲ್ಲ. ಏನು ಕೇಳಿದರೂ ತಲೆ ತಗ್ಗಿಸಿ ನಿಲ್ಲುತ್ತಿದ್ದ. "ಮೊಂಡ, ಕಬ್ಬಿಣದಂಥವನು" ಎಂದು ತೀರ್ಮಾನಿಸಿದೆ. ಎಲ್ಲರೆದುರಿಗೆ ಹಾಗೆ ಕರೆದೂಬಿಟ್ಟೆ. ಅವನ ನಡವಳಿಕೆಯೆಲ್ಲ ಆ ಮಾತಿಗೆ ಹೊಂದುತ್ತಿತ್ತು, ಒಂದರ ಹೊರತು. ಬಿಸಿಯೂಟದಲ್ಲಿ ಮೊಟ್ಟೆ ಕೊಟ್ಟ ದಿನ ಅವನು ಅದನ್ನು ತಿನ್ನದೆ, ಹಾಳೆಯಲ್ಲಿ ಸುತ್ತಿ ಬ್ಯಾಗಿನೊಳಗೆ ಇಟ್ಟುಕೊಳ್ಳುತ್ತಿದ್ದ. ನಾನು ಅದನ್ನು ನೋಡಿದ್ದೆ. ಒಮ್ಮೆಯೂ ಯಾಕೆಂದು ಕೇಳಲಿಲ್ಲ.

ಅವನು ಶಾಲೆ ಬಿಟ್ಟ ಮೇಲೆ ಮನೆ ಹುಡುಕಿಕೊಂಡು ಹೋದೆ. ಹಾಸಿಗೆ ಹಿಡಿದ ಅಜ್ಜಿ. ಬೆಳಿಗ್ಗೆ ಅವಳನ್ನು ತೊಳೆದು, ಉಣಿಸಿ ಬರುತ್ತಿದ್ದವನು ಅವನೇ. ಮೊಟ್ಟೆ ಅವಳಿಗೆ.

ಕಾಲಾಮರಿಗೆ ಬುದ್ಧ ಹೇಳಿದ್ದು ಬರೀ ಶಾಸ್ತ್ರ, ಗುರುಗಳ ಬಗ್ಗೆಯಲ್ಲ. ತರ್ಕಕ್ಕೆ ಸರಿಹೊಂದಿತು, ನಮ್ಮ ಅಭಿಪ್ರಾಯಕ್ಕೆ ಒಪ್ಪಿಗೆಯಾಯಿತು ಎಂಬಷ್ಟಕ್ಕೂ ನಂಬಬೇಡಿ ಎಂದರು. ಮಕ್ಕಳಿಗೆ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ನನ್ನ ಅಭಿಪ್ರಾಯವೂ ಆ ಪಟ್ಟಿಯಲ್ಲಿದೆ ಎಂದು ಮಾತ್ರ ತಿಳಿದಿರಲಿಲ್ಲ.

ಆದ್ದರಿಂದ ಹಿರಿಯರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಕೇಂದ್ರಗೋಳದಲ್ಲಿ ಗಂಧಕವಿದೆಯೋ ಸಿಲಿಕಾನ್ ಇದೆಯೋ ತಿಳಿದು ನಮ್ಮ ದುಃಖ ಕಡಿಮೆಯಾಗದಿರಬಹುದು. ಆದರೆ ತೊಂಬತ್ತು ಪಾಲು ಹೊಂದಿದ ಮೇಲೂ ಹೊಂದದ ಹತ್ತು ಪಾಲನ್ನು ಬದಿಗೆ ತಳ್ಳದ ಆ ಪ್ರಾಮಾಣಿಕತೆ ಕಲಿತಿದ್ದರೆ, ಒಂದು ಮಗುವಿನ ದುಃಖ ನನ್ನ ಕಣ್ಣಿಗೆ ಬೀಳುತ್ತಿತ್ತು. ಬಾಣ ನೆಟ್ಟಿದ್ದು ಅವನಿಗೆ. ಅವನು ಎಂಥವನು ಎಂದು ತೀರ್ಪು ಬರೆಯುತ್ತಾ ಕೂತಿದ್ದವನು ನಾನು.

ಅವನೀಗ ಬೆಂಗಳೂರಿನಲ್ಲಿ ದುಡಿಯುತ್ತಿದ್ದಾನೆ. ಖಾಸಗಿಯಾಗಿ ಹತ್ತನೇ ತರಗತಿ ಪರೀಕ್ಷೆ ಕಟ್ಟು ಎಂದು ಫೋನ್ ಮಾಡುತ್ತಿರುತ್ತೇನೆ. ಇನ್ನೂ ಒಪ್ಪಿಲ್ಲ.

*ಇಂದಿನ ಅಭ್ಯಾಸ:* ನೀವು "ಇವರು ಇಷ್ಟೇ" ಎಂದು ತೀರ್ಮಾನಿಸಿರುವ ಒಬ್ಬರನ್ನು ನೆನೆಯಿರಿ. ಆ ಮಾತಿಗೆ ಹೊಂದದ ಒಂದು ಸಂಗತಿ ಅವರಲ್ಲಿ ಇದ್ದೇ ಇರುತ್ತದೆ. ಇಂದು ಅದರ ಬಗ್ಗೆ ಅವರನ್ನೇ ಮೆಲ್ಲಗೆ ಕೇಳಿ.

ಭವತು ಸಬ್ಬ ಮಂಗಲಂ 🙏